ಊರು ಬದಲಾದಾಗ ಮಕ್ಕಳನ್ನು ಯಾರ ಕೈಗೆ ಒಪ್ಪಿಸೋದು?

ಮೊನ್ನೆ ಹಳೇ ಗೆಳೆಯನೊಬ್ಬ ಫೋನ್ ಮಾಡಿದ್ದ. "ಇನ್ನೆರಡು ತಿಂಗಳಲ್ಲಿ ಊರು ಬಿಡ್ತಿದ್ದೀವಿ ಕಣೋ. ಮಗುಗೆ ಎಂಟು ತಿಂಗಳು, ದೊಡ್ಡವನಿಗೆ ಆರು ವರ್ಷ. ಇಬ್ಬರೂ ಕೆಲಸಕ್ಕೆ ಹೋಗ್ಬೇಕು. ಎಲ್ಲಿಂದ ಶುರು ಮಾಡೋದು ಅಂತಾನೇ ಗೊತ್ತಾಗ್ತಿಲ್ಲ" ಅಂದ. ಒಂದು ಗಂಟೆ ಮಾತಾಡಿದೆವು. ಫೋನ್ ಇಟ್ಟ ಮೇಲೆ ಯೋಚಿಸಿದರೆ ಹೇಳಬೇಕಾದ್ದರಲ್ಲಿ ಅರ್ಧವನ್ನೂ ಹೇಳಿರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಐದಾರು ವರ್ಷದಲ್ಲಿ ನಾವು ಮೂರು ಸಲ ಊರು ಬದಲಿಸಿದ್ದೇವೆ. ಮೂರೂ ಸಲ ಹೆಂಡತಿಯ ಕೆಲಸಕ್ಕಾಗಿ. ಅವಳಿಗೆ ಹೊಸ ಊರು ತಲುಪಿದ ವಾರದಲ್ಲೇ ಆಫೀಸು ಶುರು. ನನ್ನದು ಮನೆಯಿಂದ ಮಾಡುವ ಕೆಲಸ. ಹಾಗಾಗಿ ಶಾಲೆ ಹುಡುಕುವುದು, ಡೇಕೇರ್ ನೋಡುವುದು, ಮೊದಲ ದಿನಗಳಲ್ಲಿ ಮಕ್ಕಳ ಜೊತೆ ಹೋಗಿ ಕೂರುವುದು, ಎಲ್ಲ ನನ್ನ ಪಾಲಿಗೆ ಬಂತು. ಮಗಳಿಗೆ ಈಗ ಹತ್ತು, ಮಗನಿಗೆ ಐದು.

ಮೊದಲ ಸಲ ಹೋದಾಗ ಮಗ ಇನ್ನೂ ಹುಟ್ಟಿರಲಿಲ್ಲ. ಎಲ್ಲರೂ ಮಾಡುವ ಹಾಗೆ ನಾವೂ ಮೊದಲು ಮನೆ ನೋಡಿದೆವು. ಗಾಳಿ ಬೆಳಕು ಚೆನ್ನಾಗಿದೆ, ಆಫೀಸಿಗೆ ಹತ್ತಿರ ಅಂತ ಒಪ್ಪಿಕೊಂಡೆವು. ಆಮೇಲೆ ಸುತ್ತಮುತ್ತ ಶಾಲೆ ವಿಚಾರಿಸಿದರೆ ಎಲ್ಲ ಕಡೆ ಸೀಟು ಭರ್ತಿ. ಕೊನೆಗೆ ಸಿಕ್ಕಿದ ಶಾಲೆ ಬಸ್ಸಿನಲ್ಲಿ 50 ನಿಮಿಷದ ದಾರಿ. ಮಗಳಿಗೆ ಆಗ ನಾಲ್ಕೂವರೆ ವರ್ಷ. ವಾಪಸ್ ಬರುವಾಗ ದಿನಾ ನಿದ್ದೆ ಹೋಗಿರುತ್ತಿದ್ದಳು. ಎತ್ತಿಕೊಂಡು ಬಸ್ಸಿನಿಂದ ಇಳಿಸಿಕೊಳ್ಳುವಾಗ ಅರೆಗಣ್ಣು ಬಿಟ್ಟು "ಅಪ್ಪಾ, ಇದು ನಮ್ಮನೆನಾ?" ಅಂತ ಕೇಳುತ್ತಿದ್ದಳು. ಒಂದು ದಿನ ಅಲ್ಲ, ಬಹಳ ದಿನ ಕೇಳಿದಳು. ಅದು ಈಗಲೂ ನನ್ನ ಕಿವಿಯಲ್ಲಿದೆ.

ಎರಡನೇ ಸಲ ಲೆಕ್ಕವನ್ನೇ ತಿರುಗಿಸಿದೆವು. ಮೊದಲು ಚಿಕ್ಕವನಿಗೆ ಡೇಕೇರ್, ಆಮೇಲೆ ದೊಡ್ಡವಳಿಗೆ ಶಾಲೆ, ಅವೆರಡರ ನಡುವೆ ಎಲ್ಲಾದರೂ ಮನೆ. ಅಲ್ಲಿವರೆಗೆ ಸಣ್ಣದೊಂದು ಜಾಗದಲ್ಲಿ ತಾತ್ಕಾಲಿಕವಾಗಿ ಇದ್ದೆವು. ಇಕ್ಕಟ್ಟಾಗಿತ್ತು, ಆದರೆ ಆ ಒಂದು ತಿಂಗಳ ಇಕ್ಕಟ್ಟು ಮುಂದಿನ ಎರಡು ವರ್ಷ ಉಳಿಸಿತು.

ಡೇಕೇರ್ ಯಾಕೆ ಮೊದಲು ಅಂದರೆ, ಸೀಟು ಸಿಗುವುದು ಅತೀ ಕಷ್ಟ ಇರುವುದು ಅಲ್ಲೇ. ಶಾಲೆಯಲ್ಲಿ ಒಬ್ಬ ಟೀಚರ್ ಮೂವತ್ತು ಮಕ್ಕಳನ್ನು ನೋಡಿಕೊಳ್ಳಬಹುದು. ಕೂಸುಗಳನ್ನು ಹಾಗೆ ನೋಡಿಕೊಳ್ಳೋಕೆ ಆಗಲ್ಲ. ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಲೇಬೇಕು ಅಂತ ನಿಯಮವೇ ಇದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸೇರಿ ಹೊರತಂದಿರುವ ಮಾರ್ಗಸೂಚಿಯೂ ಒಂದು ವರ್ಷದೊಳಗಿನ ಮೂರು ಕೂಸುಗಳಿಗೆ ಒಬ್ಬರು, ಒಂದು ಗುಂಪಿನಲ್ಲಿ ಆರಕ್ಕಿಂತ ಜಾಸ್ತಿ ಕೂಸು ಬೇಡ ಅನ್ನುತ್ತದೆ. ಅಂದರೆ ಒಂದು ಕೋಣೆಯಲ್ಲಿ ಆರೇ ಸೀಟು. ಅದರಲ್ಲೊಂದು ಮಗು ದೊಡ್ಡದಾಗಿ ಮುಂದಿನ ಕೋಣೆಗೆ ಹೋದರೆ ಮಾತ್ರ ಇನ್ನೊಂದಕ್ಕೆ ಜಾಗ. ಬಸುರಿಯಿದ್ದಾಗಲೇ ಹೆಸರು ಬರೆಸುವವರು ಇದ್ದಾರೆ ಅಂದರೆ ಅದು ಅವಸರ ಅಲ್ಲ. ಅವರಿಗೆ ಈ ಲೆಕ್ಕ ಗೊತ್ತಿದೆ ಅಷ್ಟೇ. ಎಳೆ ಕೂಸಿಗೆ "ನಾಳೆಯಿಂದಲೇ ಬನ್ನಿ" ಅನ್ನುವ ಜಾಗ ಸಿಕ್ಕರೆ ಖುಷಿಪಡುವ ಮುಂಚೆ ಒಂದು ಕೇಳಿ: ಒಬ್ಬರಿಗೆ ಎಷ್ಟು ಮಕ್ಕಳು? ಬೆಳಿಗ್ಗೆ ಮಾತ್ರ ಅಲ್ಲ, ಸಂಜೆ ಐದರ ಮೇಲೆ ಎಷ್ಟು? ಸಿಬ್ಬಂದಿ ಮನೆಗೆ ಹೊರಡುವ ಹೊತ್ತಿನ ಲೆಕ್ಕವೇ ನಿಜವಾದ ಲೆಕ್ಕ.

ನೋಡಲು ಹೋಗುವ ಹೊತ್ತೂ ಮುಖ್ಯ. ಎಲ್ಲರೂ ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಂತಾರೆ. ಆಗ ಮಕ್ಕಳು ಫ್ರೆಶ್ ಆಗಿರುತ್ತಾರೆ, ನೆಲ ಒರೆಸಿರುತ್ತದೆ. ನಾನು ಹನ್ನೊಂದೂವರೆ ಕೇಳುತ್ತೇನೆ. ಊಟಕ್ಕೆ ಮುಂಚೆ, ನಿದ್ದೆಗೆ ಮುಂಚೆ, ಎಲ್ಲರಿಗೂ ಹಸಿವು, ಎಲ್ಲರಿಗೂ ರಗಳೆ. ಆಗ ದೊಡ್ಡವರು ಹೇಗಿರುತ್ತಾರೆ ಅಂತ ನೋಡಬೇಕು.

ನಾವು ನೋಡಿದ ಮೊದಲ ಡೇಕೇರ್ ತುಂಬಾ ಚೆಂದ ಇತ್ತು. ಗೋಡೆ ತುಂಬ ಚಿತ್ರ, ಎಲ್ಲ ಕೋಣೆಗೂ ಕ್ಯಾಮೆರಾ. ನಡೆಸುವವರು ನಮ್ಮನ್ನು ಕೂರಿಸಿಕೊಂಡು ಇಪ್ಪತ್ತು ನಿಮಿಷ ಮಾತಾಡಿದರು. ಒಳಗೆ ಹೋಗುವಾಗ ಗೇಟಿನ ಪಕ್ಕ ಒಬ್ಬ ಹುಡುಗ ನಿಂತಿದ್ದ. ಮೂರು ವರ್ಷ ಇರಬಹುದು. ನಾವು ಹೊರಗೆ ಬರುವಾಗಲೂ ಅವನು ಅಲ್ಲೇ ನಿಂತಿದ್ದ. ಬ್ಯಾಗ್ ಹೆಗಲಿಂದ ಇಳಿಸಿರಲಿಲ್ಲ. ಅಳುತ್ತಿರಲಿಲ್ಲ, ಗೇಟಿನ ಕಂಬಿ ಹಿಡಿದು ರಸ್ತೆ ನೋಡುತ್ತಿದ್ದ. ಆ ಇಪ್ಪತ್ತು ನಿಮಿಷದಲ್ಲಿ ಅವನ ಬ್ಯಾಗ್ ಇಳಿಸಿಕೊಳ್ಳೋಕೆ ಒಬ್ಬರೂ ಬಂದಿರಲಿಲ್ಲ. ಕ್ಯಾಮೆರಾದಲ್ಲಿ ಅವನೂ ಕಾಣುತ್ತಿದ್ದ, ಅಲ್ವಾ?

ಎರಡನೆಯದು ಸಾದಾ ಜಾಗ. ಮಕ್ಕಳ ಕೈ ತಾಗಿ ತಾಗಿ ಗೋಡೆಯ ಬಣ್ಣ ಕೆಳಗಿನ ಅರ್ಧ ಹೋಗಿತ್ತು. ಒಳಗೆ ಕಾಲಿಟ್ಟಾಗ ಗಲಾಟೆಯೋ ಗಲಾಟೆ. ಒಂದು ಮಗು ಅಳುತ್ತಿತ್ತು, ಇನ್ನೊಂದು ನೀರು ಚೆಲ್ಲಿಕೊಂಡಿತ್ತು. ವಯಸ್ಸಾದ ಹೆಂಗಸೊಬ್ಬರು ಸುರಿಯುವ ಮೂಗಿನ ಹುಡುಗಿಯ ಮುಂದೆ ಮಂಡಿಯೂರಿ ಕೂತರು. ಬಟ್ಟೆ ತೋರಿಸಿ "ಈಗ ನಿನ್ನ ಮೂಗು ಒರೆಸ್ತೀನಿ, ಆಯ್ತಾ?" ಅಂದರು. ಆಮೇಲೆ ಕಾದರು. ಹುಡುಗಿ ಮುಖ ಮೇಲೆತ್ತಿತು. ಆಗ ಒರೆಸಿದರು. ಒಟ್ಟು ಹತ್ತು ಸೆಕೆಂಡೂ ಆಗಲಿಲ್ಲ. ಸಾಮಾನ್ಯವಾಗಿ ನಾವೆಲ್ಲ ಹಿಂದಿನಿಂದ ಬಂದು ತಲೆ ಹಿಡಿದು ಒರೆಸಿಬಿಡುತ್ತೇವೆ. ನಾನೂ ಹಾಗೇ ಮಾಡುತ್ತಿದ್ದೆ. ಅವತ್ತೇ ಹೆಂಡತಿಗೆ ಫೋನ್ ಮಾಡಿ ಇಲ್ಲೇ ಹೆಸರು ಬರೆಸೋಣ ಅಂದೆ.

ಅಲ್ಲಿ ಮಕ್ಕಳು ಮಲಗುವ ಕೋಣೆಯನ್ನೂ ನೋಡಿದೆ. ಕೂಸಿದ್ದವರು ಇದನ್ನು ಬಿಡಬಾರದು. ಒಂದು ವರ್ಷದೊಳಗಿನ ಮಕ್ಕಳನ್ನು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಮಲಗಿಸಬೇಕು. ದಿಂಬು, ದಪ್ಪ ಹೊದಿಕೆ, ಬೊಂಬೆ ಏನೂ ಇರಬಾರದು. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಅಂತ ದೊಡ್ಡದಾಗಿ ಪ್ರಚಾರ ಶುರುವಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ನಿದ್ದೆಯಲ್ಲೇ ಇದ್ದಕ್ಕಿದ್ದಂತೆ ಸಾಯುವ ಕೂಸುಗಳ ಸಂಖ್ಯೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. "ಕೂಸನ್ನ ಹೇಗೆ ಮಲಗಿಸ್ತೀರಿ?" ಅಂತ ಸುಮ್ನೆ ಕೇಳಿ ನೋಡಿ. ತಡವರಿಸದೆ ಉತ್ತರ ಬರಬೇಕು.

ಬೋರ್ಡಿನ ಹೆಸರು ನೋಡಿ ಮಾತ್ರ ಒಪ್ಪಿಕೊಳ್ಳಬೇಡಿ. ಮಾಂಟೆಸ್ಸರಿ ಅಂತ ಯಾರು ಬೇಕಾದರೂ ಬರೆದುಕೊಳ್ಳಬಹುದು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ಮೊದಲ ಮಕ್ಕಳ ಮನೆ ತೆರೆದರು. 1929ರಲ್ಲಿ ಅವರೇ ಕಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ ಈಗಲೂ ಟೀಚರ್‌ಗಳಿಗೆ ತರಬೇತಿ ಕೊಡುತ್ತದೆ. ಆದರೆ ಆ ಹೆಸರು ಹಾಕಿಕೊಳ್ಳೋಕೆ ಯಾರ ಅನುಮತಿಯೂ ಬೇಕಿಲ್ಲ. ಹಾಗೊಂದು ಬೋರ್ಡು ಇದ್ದ ಕಡೆ ಹೋಗಿದ್ದೆ. ಮರದ ಸಿಲಿಂಡರು, ಮಣಿಗಳು, ಗುಲಾಬಿ ಗೋಪುರ, ಹೀಗೆ ಆ ಪದ್ಧತಿಯ ಕಲಿಕೆಯ ಸಾಮಾನು ಎಲ್ಲ ಇತ್ತು. ಗಾಜಿನ ಬೀರುವಿನೊಳಗೆ, ಬೀಗ ಹಾಕಿ! ಮಗು ತಾನೇ ಹೋಗಿ ಎತ್ತಿಕೊಳ್ಳಲಿ ಅಂತಲೇ ಆ ಮಹಾತಾಯಿ ಅದನ್ನೆಲ್ಲ ಕೈಗೆಟುಕುವ ಎತ್ತರದಲ್ಲಿ ಇಡಿಸಿದ್ದು. ಬೀಗ ನೋಡಿ ನನಗೆ ನಿಜಕ್ಕೂ ಬೇಜಾರಾಯಿತು.

ಇನ್ನು ಮಗನನ್ನು ಬಿಟ್ಟು ಬರುವ ವಿಷಯ. ಅವನಿಗೆ ಆಗ 16 ತಿಂಗಳು. ಗುರುತಿನವರನ್ನು ಬಿಟ್ಟಿರಲಾರದ ಅಂಜಿಕೆ ಮಕ್ಕಳಲ್ಲಿ ಎಂಟನೇ ತಿಂಗಳ ಸುಮಾರಿಗೆ ಶುರುವಾಗಿ ಒಂದೂವರೆ ವರ್ಷದವರೆಗೂ ಜೋರಾಗಿರುತ್ತದೆ. ನಾವು ಹೊರಟಿದ್ದು ಸರಿಯಾಗಿ ಅದರ ಮಧ್ಯದಲ್ಲಿ. ಮನೆ ಹೊಸದು, ಕಿಟಕಿ ಹೊಸದು, ರಸ್ತೆಯ ಶಬ್ದ ಹೊಸದು. ಅದರ ಮೇಲೆ ಅಪ್ಪ ಅಮ್ಮನೂ ಬಿಟ್ಟು ಹೋಗುವುದು ಅಂದರೆ? ನಾವು ನೋಡಿ ಬೇಡ ಅಂದ ಒಂದು ಡೇಕೇರ್‌ನಲ್ಲಿ "ಗೇಟಲ್ಲಿ ಕೊಟ್ಟು ಹೋಗಿ, ಮೂರು ದಿನ ಅಳ್ತಾನೆ, ಆಮೇಲೆ ಸರಿ ಹೋಗ್ತಾನೆ" ಅಂದಿದ್ದರು.

ಹಾಗೆ ಸರಿ ಹೋಗಲ್ಲ. ಲಂಡನ್ನಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಅವರ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ 1950ರ ದಶಕದಲ್ಲಿ ಆಸ್ಪತ್ರೆಯಲ್ಲಿ ಅಪ್ಪ ಅಮ್ಮನಿಂದ ದೂರವಿದ್ದ ಪುಟ್ಟ ಮಕ್ಕಳನ್ನು ಗಮನಿಸಿದರು. ಮೊದಲು ಅತ್ತು ರಂಪ ಮಾಡುತ್ತಾರೆ. ಆಮೇಲೆ ಮಂಕಾಗುತ್ತಾರೆ. ಕೊನೆಗೆ ಸುಮ್ಮನಾಗುತ್ತಾರೆ. ನರ್ಸುಗಳು ಈ ಕೊನೆಯದನ್ನೇ ಒಗ್ಗಿಕೊಂಡರು ಅಂದುಕೊಂಡಿದ್ದರು. ಡೇಕೇರ್ ಆಸ್ಪತ್ರೆ ಅಲ್ಲ, ಸಂಜೆ ನಾವು ಹೋಗೇ ಹೋಗುತ್ತೇವೆ, ಒಪ್ಪುತ್ತೇನೆ. ಆದರೂ ಅಳು ನಿಂತಿತು ಅಂದಕೂಡಲೇ ಮಗು ಒಗ್ಗಿಕೊಂಡಿತು ಅಂತ ತಿಳಿಯಬಾರದು ಅನ್ನುವುದನ್ನು ನಾನು ಅವರಿಂದ ಕಲಿತೆ. ಗೇಟಿನ ಪಕ್ಕ ನಿಂತಿದ್ದ ಆ ಹುಡುಗನೂ ಅಳುತ್ತಿರಲಿಲ್ಲ.

ಈ ಸಾದಾ ಡೇಕೇರ್‌ನಲ್ಲಿ ಮಾಡಿದ್ದೇ ಬೇರೆ. ಜರ್ಮನಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ 'ಬರ್ಲಿನ್ ಮಾದರಿ' ಅಂತ ಒಂದು ಪದ್ಧತಿ ಇದೆ, ಹೆಚ್ಚುಕಮ್ಮಿ ಅದೇ ರೀತಿ. ಮೊದಲ ಮೂರು ದಿನ ನಾನೂ ಒಳಗೆ ಕೂರಬೇಕು, ದಿನಕ್ಕೆ ಒಂದು ಗಂಟೆ. ಆಡಿಸಬಾರದು, ಕರೆಯಬಾರದು, ಅವನಾಗಿ ಬಂದರೆ ದೂಡಬಾರದು. ಮೂಲೆಯ ಪುಟ್ಟ ಕುರ್ಚಿಯಲ್ಲಿ ಮಂಡಿ ಎದೆಗೆ ತಾಗುವ ಹಾಗೆ ಕೂತಿದ್ದೆ. ಮೊದಲ ದಿನ ಅವನು ನನ್ನ ಪ್ಯಾಂಟು ಬಿಡಲೇ ಇಲ್ಲ. ಎರಡನೇ ದಿನ ನಾಲ್ಕು ಹೆಜ್ಜೆ ಹೋಗಿ ಬಂದ. ಮೂರನೇ ದಿನ ಬುಟ್ಟಿಯಿಂದ ಕೆಂಪು ಡಬ್ಬಿಯೊಂದನ್ನು ತಂದು ನನ್ನ ತೊಡೆ ಮೇಲಿಟ್ಟ, ಇನ್ನೊಂದನ್ನು ಆ ಅಜ್ಜಿಯ ತೊಡೆ ಮೇಲಿಟ್ಟ. ಅವರು ನನ್ನ ಕಡೆ ನೋಡಿ ನಕ್ಕರು.

ನಾಲ್ಕನೇ ದಿನ ಅವನ ಮುಖಕ್ಕೆ ಮುಖ ಕೊಟ್ಟು "ಅಪ್ಪ ಹೊರಗೆ ಹೋಗ್ತಾನೆ, ಬೇಗ ಬರ್ತಾನೆ" ಅಂದು ಬಾಗಿಲು ಹಾಕಿಕೊಂಡು ಬಂದೆ. ಅವನು ಆಟದಲ್ಲಿರುವಾಗ ಸದ್ದಿಲ್ಲದೆ ಜಾರಿಕೊಳ್ಳುವುದು ಸುಲಭ. ಆದರೆ ಹಾಗೆ ಮಾಡಿದರೆ ಮಗು ಮುಂದೆ ಆಡುವುದನ್ನೇ ಬಿಟ್ಟು ನಮ್ಮನ್ನೇ ಕಾಯುತ್ತಾ ಕೂರುತ್ತದೆ. ಹೊರಗೆ ಮೆಟ್ಟಿಲ ಮೇಲೆ ಕೂತೆ. ಅವನ ಅಳು ಕೇಳಿಸಿತು. ಗಡಿಯಾರ ನೋಡಿದೆ. ಎರಡು ನಿಮಿಷ. ಮೂರು ನಿಮಿಷ. ಆಮೇಲೆ ಅಳು ಸಣ್ಣದಾಯಿತು, ನಡುನಡುವೆ ಆ ಅಜ್ಜಿಯ ದನಿ ಕೇಳಿಸಿತು. ಹತ್ತು ನಿಮಿಷಕ್ಕೆ ಒಳಗೆ ಕರೆದರು. ಮಗ ಅವರ ಹೆಗಲಿಗೆ ಒರಗಿದ್ದ, ಬಿಕ್ಕುತ್ತಿದ್ದ. "ಅಳೋದು ತಪ್ಪಲ್ಲ, ನನ್ನ ಹತ್ತಿರ ಸಮಾಧಾನ ಮಾಡಿಸಿಕೊಂಡ, ಇಷ್ಟಾದರೆ ಸಾಕು" ಅಂದರು. ಆ ಪದ್ಧತಿಯ ಅಳತೆಯೂ ಅದೇ. ಮಗು ಅತ್ತಿತೋ ಇಲ್ಲವೋ ಅನ್ನುವುದಕ್ಕಿಂತ ಯಾರ ಹತ್ತಿರ ಸಮಾಧಾನ ಆಯಿತು ಅನ್ನುವುದು. ಪೂರ್ತಿ ದಿನ ಬಿಡುವ ಹೊತ್ತಿಗೆ ಮೂರು ವಾರ ಆಯಿತು. ಅಷ್ಟು ದಿನ ಕೆಲಸದಿಂದ ಬಿಡುವು ಸಿಗುವುದು ಎಲ್ಲರಿಗೂ ಸಾಧ್ಯವಿಲ್ಲ, ಗೊತ್ತು. ಒಂದು ವಾರವಾದರೂ ಇಟ್ಟುಕೊಳ್ಳಿ. ಊರು ಬದಲಿಸುವ ಖರ್ಚಿನಲ್ಲಿ ಅದೂ ಒಂದು ಖರ್ಚು ಅಂತಲೇ ಬರೆದುಕೊಳ್ಳಿ.

ಮಗಳ ಶಾಲೆಯ ಕಥೆ ಬೇರೆ. ಆ ಸಲ ದೇಶವೇ ಬದಲಾಗಿತ್ತು. ಶಾಲೆ ಶುರುವಾಗುವ ತಿಂಗಳು, ಸೇರುವ ವಯಸ್ಸು, ಯಾವುದೂ ಒಂದೇ ಅಲ್ಲ. ಜಪಾನಿನಲ್ಲಿ ಏಪ್ರಿಲ್, ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್, ಆಸ್ಟ್ರೇಲಿಯಾದಲ್ಲಿ ಜನವರಿ ಕೊನೆಗೆ. ಫ್ರಾನ್ಸಿನಲ್ಲಿ 2019ರಿಂದ ಮೂರು ವರ್ಷಕ್ಕೇ ಕಡ್ಡಾಯ, ಫಿನ್ಲೆಂಡಿನಲ್ಲಿ ಒಂದನೇ ತರಗತಿ ಏಳನೇ ವರ್ಷಕ್ಕೆ. ಎಲ್ಲ ಕಡೆ ವಯಸ್ಸಿಗೊಂದು ಗೆರೆ ಇರುತ್ತದೆ. ಮಗಳು ಹುಟ್ಟಿದ್ದು ಆ ಊರಿನ ಗೆರೆಯಿಂದ 11 ದಿನ ಆಚೆ. ಒಂದು ಕ್ಲಾಸು ಕೆಳಗೆ ಹಾಕುತ್ತೇವೆ ಅಂದರು. ಓದು ಬರಹ ಬರುತ್ತೆ, ಪರೀಕ್ಷೆ ಮಾಡಿ ನೋಡಿ ಅಂತ ನಾನು ಒಂದು ವಾರ ಅವರ ಬೆನ್ನು ಬಿದ್ದೆ. ಈಗ ಅನಿಸುತ್ತದೆ, ಆ ವಾರ ಹಟ ಮಾಡಬಾರದಿತ್ತು. ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡವರಾಗಿರುವ ಮಕ್ಕಳಿಗೆ ಮೊದಲ ವರ್ಷಗಳಲ್ಲಿ ಕಲಿಕೆ ತುಸು ಸಲೀಸು ಅನ್ನುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಹೊಸ ಭಾಷೆ ಕಲಿಯಬೇಕಾದ ಮಗುವಿಗೆ ಆ ಒಂದು ವರ್ಷ ದೊಡ್ಡ ವರ.

ಕಾಗದಪತ್ರದ ವಿಷಯದಲ್ಲಿ ಒಂದು ತಪ್ಪು ಮಾಡಿದ್ದೆ, ನೀವು ಮಾಡಬೇಡಿ. ಮಕ್ಕಳ ಲಸಿಕೆ ಕಾರ್ಡು, ಮಗಳ ಟಿ.ಸಿ., ಹಳೇ ಮಾರ್ಕ್ಸ್ ಕಾರ್ಡು ಎಲ್ಲ ಒಂದು ಫೈಲಿನಲ್ಲಿಟ್ಟು, ಆ ಫೈಲನ್ನು ಸಾಮಾನಿನ ಜೊತೆ ಪ್ಯಾಕ್ ಮಾಡಿಸಿಬಿಟ್ಟೆ. ಸಾಮಾನು ಬಂದದ್ದು ಮೂರು ವಾರ ತಡವಾಗಿ. ಲಸಿಕೆ ದಾಖಲೆ ಇಲ್ಲದೆ ಎರಡೂ ಕಡೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಫೈಲು ಕೈಚೀಲದಲ್ಲಿರಲಿ, ಫೋಟೋ ಫೋನಿನಲ್ಲಿರಲಿ. ಲಸಿಕೆಯ ಪಟ್ಟಿಯೂ ದೇಶದಿಂದ ದೇಶಕ್ಕೆ ಬೇರೆ. ಹುಟ್ಟಿದ ಕೂಡಲೇ ಬಿಸಿಜಿ ಹಾಕುವ ದೇಶಗಳಿವೆ, ಹಾಕದ ದೇಶಗಳೂ ಇವೆ. ಹೊರಡುವ ಮುಂಚೆಯೇ ಹೊಸ ಕಡೆಯ ಪಟ್ಟಿ ತೆಗೆದುಕೊಂಡು ಮಕ್ಕಳ ಡಾಕ್ಟರಿಗೆ ತೋರಿಸಿ. ದೇಶ ದಾಟುವವರು ಜನನ ಪತ್ರಕ್ಕೆ ಅಪೋಸ್ಟಿಲ್, ಅಂದರೆ ಪತ್ರ ಅಸಲಿ ಅಂತ ಸರ್ಕಾರ ಹಾಕಿಕೊಡುವ ಮುದ್ರೆ, ಬೇಕಾ ಅಂತ ಮೊದಲೇ ಕೇಳಿ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಆ ಒಂದು ಮುದ್ರೆ ಸಾಕಾಗುತ್ತದೆ. ಆದರೆ ಅದನ್ನು ಹಾಕಿಸಬೇಕಾದ್ದು ಪತ್ರ ಕೊಟ್ಟ ದೇಶದಲ್ಲೇ. ದಾಟಿ ಹೋದ ಮೇಲೆ ಒದ್ದಾಟ ಜಾಸ್ತಿ.

ಮಗಳು ಆ ಶಾಲೆಯಲ್ಲಿ ಮೂರು ತಿಂಗಳು ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ಮಾತಿನ ಮಲ್ಲಿ, ಶಾಲೆಯಲ್ಲಿ ಮೂಗಿ. ನಾವು ಹೆದರಿಬಿಟ್ಟೆವು. ಹೊಸ ಭಾಷೆಗೆ ಬಿದ್ದ ಮಕ್ಕಳು ಹೀಗೆ ಸ್ವಲ್ಪ ಕಾಲ ಕೇಳಿಸಿಕೊಳ್ಳುತ್ತಾ ಇದ್ದುಬಿಡುವುದು ಸಹಜ ಅಂತ ಆಮೇಲೆ ತಿಳಿಯಿತು. ಕೆನಡಾದ ಜಿಮ್ ಕಮಿನ್ಸ್ ಅನ್ನುವವರು ಈ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಆಟದ ಬಯಲಿನ ಮಾತು ಸುಮಾರು ಎರಡು ವರ್ಷದಲ್ಲಿ ಬರುತ್ತದೆ, ಪಾಠದ ಭಾಷೆಯಲ್ಲಿ ಉಳಿದವರ ಸಮ ಬರೋಕೆ ಐದರಿಂದ ಏಳು ವರ್ಷ ಬೇಕು ಅನ್ನುತ್ತಾರೆ. ಮನೆಯಲ್ಲೂ ಹೊಸ ಭಾಷೆಯನ್ನೇ ಮಾತಾಡಿ ಅಂತ ಹೇಳಿದವರಿದ್ದರು. ನಾವು ಒಪ್ಪಲಿಲ್ಲ. ಎಲ್ಲವೂ ಬದಲಾಗಿರುವಾಗ ಅಮ್ಮನ ಮಾತೂ ಬದಲಾದರೆ ಮಗು ಎಲ್ಲಿ ಹೋಗಬೇಕು?

ಅವಳ ಟೀಚರ್ ಮಾತಾಡು ಮಾತಾಡು ಅಂತ ಒಮ್ಮೆಯೂ ಒತ್ತಾಯ ಮಾಡಲಿಲ್ಲ. ಒಂದು ಕೆಲಸ ಕೊಟ್ಟರು. ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ಆಫೀಸಿಗೆ ಕೊಟ್ಟು ಬರುವುದು. ಜೊತೆಗೆ ಇನ್ನೊಬ್ಬ ಹುಡುಗಿ. ಹೋಗಿ ಬರೋಕೆ ಮಾತು ಬೇಕಿಲ್ಲ, ಆದರೆ ಉದ್ದನೆಯ ಕಾರಿಡಾರಿನಲ್ಲಿ ದಿನಾ ಇಬ್ಬರೇ. ಅವಳ ಮೊದಲ ಮಾತು ಬಂದದ್ದು ಆ ಕಾರಿಡಾರಿನಲ್ಲೇ. "ನಿಧಾನ, ಬೀಳ್ತೀಯ" ಅಂದಳಂತೆ, ಓಡುತ್ತಿದ್ದ ಗೆಳತಿಗೆ.

ಹೋದ ವರ್ಷ ಮೂರನೇ ಸಲ ಹೊರಟೆವು. ಆಗ ಮಗಳನ್ನೂ ಶಾಲೆ ನೋಡಲು ಕರೆದುಕೊಂಡು ಹೋದೆ. ಮುಖ್ಯ ಶಿಕ್ಷಕಿ ನನಗೆ ಲ್ಯಾಬು, ಲೈಬ್ರರಿ ಎಲ್ಲ ವಿವರಿಸಿದರು. ಕೊನೆಗೆ "ನಿಂಗೇನಾದ್ರೂ ಕೇಳೋದಿದೆಯಾ?" ಅಂತ ಅವಳನ್ನು ಕೇಳಿದರು. ಅವಳು ಸ್ವಲ್ಪ ಹೊತ್ತು ಬೂಟು ನೋಡಿಕೊಂಡಿದ್ದು "ಆಟಕ್ಕೆ ಟೀಮ್ ಮಾಡುವಾಗ ಯಾರೂ ಕರೀದೆ ಒಬ್ರು ಉಳ್ಕೊಂಡ್ರೆ ನೀವೇನು ಮಾಡ್ತೀರಾ ಮಿಸ್?" ಅಂದಳು.

ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ತಕ್ಷಣ ಉತ್ತರ ಕೊಡಲಿಲ್ಲ. "ನಮ್ಮಲ್ಲಿ ಮಕ್ಕಳೇ ಟೀಮ್ ಆರಿಸಿಕೊಳ್ತಾರೆ. ಉಳ್ಕೊಂಡವರ ಬಗ್ಗೆ ನಾನು ಸರಿಯಾಗಿ ಯೋಚನೆ ಮಾಡಿಲ್ಲ. ಆಟದ ಮೇಷ್ಟ್ರನ್ನ ಕೇಳಿ ಹೇಳ್ತೀನಿ" ಅಂದರು. ಎರಡು ದಿನ ಬಿಟ್ಟು ನನಗೆ ಫೋನ್ ಬಂತು. ಮಗಳಿಗೆ ಕೊಡಿ ಅಂದರು. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕಿಟಕಿ ಕಡೆ ತಿರುಗಿ ನಿಂತು, "ಹೂಂ ಮಿಸ್, ಹೂಂ ಮಿಸ್" ಅನ್ನುತ್ತಾ ಬಹಳ ಹೊತ್ತು ಕೇಳಿಸಿಕೊಂಡಳು.